ಬೇಸ್ ಹೆಚ್ಚಾದರೆ ಮೆಟಲ್ ಕೇಳಿಸದು

ಅಗ್ಗದ ಹೆಡ್‌ಫೋನಿನಲ್ಲಿ ಹೆವಿ ಮೆಟಲ್ ಕೆಟ್ಟದಾಗಿ ಕೇಳಿಸುತ್ತದೆ ಎಂದು ಹಲವರು ದೂರುತ್ತಾರೆ. ತಪ್ಪು ಹೆಚ್ಚಾಗಿ ಬೆಲೆಯದಲ್ಲ, ಬೇಸಿನದು. ವಿಜಯಪುರದ ಮೊಬೈಲ್ ಅಂಗಡಿಗಳಲ್ಲಿ ಕೇಳಿ ನೋಡಿ, ಮೊದಲು ಬರುವ ಮಾತು ಒಂದೇ: "ಬೇಸ್ ಭಾರಿ ಐತ್ರಿ, ಹಾಕ್ಕೊಂಡ್ ನೋಡ್ರಿ." ಡಿಜೆ ಹಾಡಿಗೆ, ಜಾತ್ರೆ ಹಾಡಿಗೆ ಆ ಹೊಗಳಿಕೆ ಸಲ್ಲುತ್ತದೆ. ಮೆಟಲ್ ಕೇಳುವವರಿಗೆ ಅದು ಎಚ್ಚರಿಕೆಯ ಗಂಟೆ. ಊರ ಪಕ್ಕದ ತೊರವಿಯಿಂದ ಅಥಣಿ ರಸ್ತೆ ಹಿಡಿದು ದಿನವೂ ಊರಿಗೆ ಹೋಗಿಬರುವ ಬಸ್ಸಿನಲ್ಲಿ, ಹಾಸ್ಟೆಲಿನಲ್ಲಿ, ಬಾಡಿಗೆ ಕೋಣೆಯಲ್ಲಿ ಈ ಸಂಗೀತ ಕೇಳುವವರ ಕೈಯಲ್ಲಿ ಐನೂರರಿಂದ ಐದು ಸಾವಿರ ರೂಪಾಯಿ ಇರಬಹುದು. ಅಷ್ಟು ದುಡ್ಡಿಗೆ ಏನು ಸಿಗುತ್ತದೆ, ಏನು ಸಿಗಬೇಕು ಎಂಬುದನ್ನು ಗಂಭೀರವಾಗಿ ನೋಡಬೇಕಾದ ಕಾಲ ಬಂದಿದೆ.

ಗಂಭೀರವಾಗಿ ಎಂದದ್ದಕ್ಕೆ ಕಾರಣವಿದೆ. ಐರನ್ ಮೇಡನ್ 2007ರಲ್ಲಿ, ಮೆಟಾಲಿಕಾ 2011ರಲ್ಲಿ ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದು ನುಡಿಸಿದರು. ಅದು ಇಲ್ಲಿಂದ ಐನೂರು ಕಿಲೋಮೀಟರಿಗೂ ದೂರ. ಈ ಕಡೆಯ ಕೇಳುಗರಿಗೆ ವೇದಿಕೆಯೂ ಸಭಾಂಗಣವೂ ಹೆಡ್‌ಫೋನೇ. ಕೇಳುವ ಜಾಗದ ಕಾಳಜಿ ಇಲ್ಲಿ ಹೊಸತಲ್ಲ. ಈ ನೆಲವನ್ನಾಳಿದ ಎರಡನೆಯ ಇಬ್ರಾಹಿಂ ಆದಿಲ್‌ಶಾಹ 1599ರಲ್ಲಿ ಇದೇ ತೊರವಿಯ ಬಳಿ ನೌರಸಪುರ ಕಟ್ಟಲು ತೊಡಗಿದ. ತನ್ನ ತಂಬೂರಿಗೆ ಮೋತಿಖಾನ್ ಎಂದು ಹೆಸರಿಟ್ಟು ಪ್ರೀತಿಸಿದ ದೊರೆ ಅವನು. 1624ರಲ್ಲಿ ಅಹ್ಮದ್‌ನಗರದ ಮಲಿಕ್ ಅಂಬರನ ದಾಳಿಗೆ ಆ ನಗರ ಹಾಳಾಯಿತು, ಆದರೆ ಸಂಗೀತ ಮಹಲಿನ ಅವಶೇಷ ಇಂದಿಗೂ ನಿಂತಿದೆ. ಕೇಳುವುದಕ್ಕೆ ತಕ್ಕ ಜಾಗ ಬೇಕು ಎಂದು ಅರಸನೊಬ್ಬ ಮಹಲು ಕಟ್ಟಿಸಿದ ನೆಲದಲ್ಲಿ, ಎರಡು ಸಾವಿರದ ಹೆಡ್‌ಫೋನನ್ನು ಆರಿಸುವಾಗಲೂ ಅದೇ ಕಾಳಜಿ ಇರಬೇಕೆಂದು ನಾನು ನಂಬುತ್ತೇನೆ.

ಮೆಟಲ್ ಸಂಗೀತದ ಜೀವ ಎಲ್ಲಿದೆ? ಗಿಟಾರಿನ ಅತಿ ಕೆಳಗಿನ ತಂತಿ ಸಾಮಾನ್ಯ ಶ್ರುತಿಯಲ್ಲಿ ಸುಮಾರು 82 ಹರ್ಟ್ಸ್, ಬೇಸ್ ಗಿಟಾರಿನದು 41. ಆದರೆ ಡಿಸ್ಟಾರ್ಷನ್ ಹಾಕಿದ ಗಿಟಾರಿಗೆ ಹಲ್ಲು ಮೂಡುವುದು ಅದಕ್ಕಿಂತ ಬಹಳ ಮೇಲೆ, ಒಂದು ಸಾವಿರದಿಂದ ನಾಲ್ಕು ಸಾವಿರ ಹರ್ಟ್ಸ್ ನಡುವೆ. ಹಾಡುಗಾರನ ಕೂಗು, ಸ್ನೇರ್ ಡ್ರಮ್ಮಿನ ಏಟು, ಕಾಲಿನಿಂದ ಹೊಡೆಯುವ ಕಿಕ್ ಡ್ರಮ್ಮಿನ 'ಟಕ್' ಎಂಬ ಮೊನೆ, ಎಲ್ಲವೂ ಅಲ್ಲೇ ನೂಕಾಡುತ್ತವೆ. ಕೆಳಗಿನ ದನಿ ಮೇಲಿನ ದನಿಯನ್ನು ಮುಚ್ಚುವಷ್ಟು ಸುಲಭವಾಗಿ ಮೇಲಿನದು ಕೆಳಗಿನದನ್ನು ಮುಚ್ಚಲಾರದು. ಇದು ಮನುಷ್ಯನ ಕಿವಿಯ ಸ್ವಭಾವ. ಹೀಗಾಗಿ 100ರಿಂದ 250 ಹರ್ಟ್ಸ್ ಭಾಗವನ್ನು ಉಬ್ಬಿಸಿದ ಹೆಡ್‌ಫೋನಿನಲ್ಲಿ ಗಿಟಾರು ಕಂಬಳಿ ಹೊದ್ದು ಮಲಗಿಬಿಡುತ್ತದೆ.

ಇದಕ್ಕೆ ವೇಗವೂ ಸೇರಿಕೊಳ್ಳುತ್ತದೆ. ನಿಮಿಷಕ್ಕೆ 200 ತಾಳದ ಹಾಡಿನಲ್ಲಿ ಡ್ರಮ್ಮರು ಎರಡೂ ಕಾಲಿನಿಂದ ತಾಳಕ್ಕೆ ನಾಲ್ಕರಂತೆ ಹೊಡೆದರೆ, ಏಟಿನಿಂದ ಏಟಿಗೆ ಇರುವ ಅಂತರ ಒಂದು ಸೆಕೆಂಡಿನ ಸಾವಿರದಲ್ಲಿ 75 ಪಾಲು ಮಾತ್ರ. ಗೋಳಗುಮ್ಮಟದ ಪಿಸುಮಾತಿನ ಗ್ಯಾಲರಿಯಲ್ಲಿ ಒಂದು ಚಪ್ಪಾಳೆ ಏಳಕ್ಕೂ ಹೆಚ್ಚು ಸಲ ಮರಳಿ ಬರುವುದನ್ನು ನಾವೆಲ್ಲ ಕೇಳಿದ್ದೇವೆ. ಅಲ್ಲಿ ಇಂಥ ಡ್ರಮ್ ನುಡಿಸಿದರೆ ಹತ್ತು ಏಟು ಒಂದು ಗುಡುಗಾಗಿ ಕಲೆಯುತ್ತವೆ. ಸಡಿಲ ಬೇಸಿನ ಹೆಡ್‌ಫೋನು ಮಾಡುವುದೂ ಅದನ್ನೇ: ಒಂದು ಏಟಿನ ಗುಂಯ್ ಎಂಬ ಬಾಲ ಮುಗಿಯುವ ಮೊದಲೇ ಮುಂದಿನ ಏಟು ಬಿದ್ದಿರುತ್ತದೆ. ಕರಡಿ ಮಜಲಿನ ಹೊಡೆತದಲ್ಲಿ ಒಂದೊಂದು ಏಟನ್ನೂ ಬಿಡಿಬಿಡಿಯಾಗಿ ಕೇಳಿ ಬೆಳೆದ ನಮ್ಮ ಸೀಮೆಯ ಕಿವಿಗೆ ಈ ಕಲಸುಮೇಲೋಗರ ಹಿಡಿಸಬೇಕಾಗಿಲ್ಲ.

ಪರೀಕ್ಷೆಗೆ ನಾನು ಒಪ್ಪುವ ಆಲ್ಬಮ್‌ಗಳು ಕೆಲವೇ. ಸ್ಲೇಯರ್ ತಂಡದ 1986ರ 'ರೇನ್ ಇನ್ ಬ್ಲಡ್' ಅರ್ಧ ಗಂಟೆಯೊಳಗೆ ಮುಗಿಯುತ್ತದೆ. ನಿರ್ಮಾಪಕ ರಿಕ್ ರೂಬಿನ್ ಅದರಲ್ಲಿ ಪ್ರತಿಧ್ವನಿಯನ್ನು ಬಹುತೇಕ ತೆಗೆದುಹಾಕಿದ್ದರಿಂದ ಏಟುಗಳು ಒಣ ಕಟ್ಟಿಗೆ ಸೀಳಿದಷ್ಟು ಸ್ಪಷ್ಟ. ಇದೂ ಮಂಜುಮಂಜಾಗಿ ಕೇಳಿದರೆ ಆ ಹೆಡ್‌ಫೋನನ್ನು ಅಲ್ಲೇ ಇಟ್ಟು ಬನ್ನಿ. ಮೆಟಾಲಿಕಾದ 1988ರ '...ಆಂಡ್ ಜಸ್ಟಿಸ್ ಫಾರ್ ಆಲ್' ಇನ್ನೂ ಚುರುಕಾದ ಒರೆಗಲ್ಲು. ಅದರಲ್ಲಿ ಬೇಸ್ ಗಿಟಾರು ಕೇಳಿಸುವುದೇ ಇಲ್ಲವೆಂಬ ದೂರು ಲೋಕಪ್ರಸಿದ್ಧ. ಅಂಥ ಆಲ್ಬಮ್ಮಿನಲ್ಲೂ ತುಂಬು ಬೇಸ್ ಉಕ್ಕಿದರೆ ಅದು ಹಾಡಿನದಲ್ಲ, ಹೆಡ್‌ಫೋನ್ ಸುರಿದ ಬೇಸ್. ಬೆಂಗಳೂರಿನ ಕ್ರಿಪ್ಟೋಸ್ ತಂಡದ 2019ರ 'ಆಫ್ಟರ್‌ಬರ್ನರ್'ನಲ್ಲಿ ಗಿಟಾರುಗಳ ಜೋಡಿಯನ್ನು ಗಮನಿಸಬೇಕು. ಎರಡನ್ನೂ ಬೇರೆಬೇರೆಯಾಗಿ ಹಿಂಬಾಲಿಸಲು ಆಗಬೇಕು. ಇಷ್ಟಕ್ಕೇ ನಿಂತರೆ ತೀರಾ ತೆಳು ದನಿಯ ಹೆಡ್‌ಫೋನೂ ಪಾಸಾಗಿಬಿಡುತ್ತದೆ. ಅದಕ್ಕೇ ಬೆಂಗಳೂರಿನದೇ ಆದ ಬೇವರ್ ಸೀ ತಂಡದ ನಿಧಾನ, ಭಾರವಾದ ಡೂಮ್ ಸಂಗೀತವನ್ನೂ ಹಾಕಿ ನೋಡಬೇಕು. ಅಲ್ಲಿ ನೆಲ ಅದುರಬೇಕು, ಗಿಟಾರಿನ ಅಂಚು ಮಾತ್ರ ಮಸುಕಾಗಬಾರದು. ಮೆಟಾಲಿಕಾದ 2008ರ 'ಡೆತ್ ಮ್ಯಾಗ್ನೆಟಿಕ್'ನಿಂದ ಯಾವ ಹೆಡ್‌ಫೋನನ್ನೂ ಅಳೆಯಬೇಡಿ. ಅದನ್ನು ದನಿಮುದ್ರಣದಲ್ಲೇ ಮಿತಿಮೀರಿ ಏರಿಸಿ ಹರಿದುಬಿಟ್ಟಿದ್ದಾರೆ, ಒಳ್ಳೆಯ ಹೆಡ್‌ಫೋನಿನಲ್ಲಿ ಆ ಹರಕು ಇನ್ನಷ್ಟು ಎದ್ದು ಕೇಳಿಸುತ್ತದೆ.

ಬೆಲೆ ಏರಿದಷ್ಟೂ ದನಿ ಸುಧಾರಿಸುತ್ತದೆ ಎಂಬ ನಂಬಿಕೆಯನ್ನು 2017ರಲ್ಲಿ ಜೆರೋನ್ ಬ್ರೀಬಾರ್ಟ್ ಎಂಬ ಸಂಶೋಧಕ 283 ಹೆಡ್‌ಫೋನುಗಳ ಅಳತೆಯಿಂದ ಪರೀಕ್ಷಿಸಿದ. ದನಿಯ ಏರಿಳಿತದ ನಕ್ಷೆಗೂ ಬೆಲೆಗೂ ಸಂಬಂಧ ಸಿಗಲಿಲ್ಲ. ನಮ್ಮಂಥವರಿಗೆ ಇದಕ್ಕಿಂತ ಒಳ್ಳೆಯ ಸುದ್ದಿ ಬೇಕೆ?

ನನ್ನ ತೀರ್ಪು ನೇರವಾಗಿದೆ. ಎರಡು ಸಾವಿರದ ಆಸುಪಾಸಿನಲ್ಲಿ ತಂತಿಯಿರುವ, ಕಿವಿಯೊಳಗೆ ಕೂರುವ ಇಯರ್‌ಫೋನುಗಳನ್ನು ಮೀರಿಸುವುದು ಯಾವುದೂ ಇಲ್ಲ. 2022ರಲ್ಲಿ ಬಂದ ಮೂನ್‌ಡ್ರಾಪ್ ಚು, ಸಾಲ್‌ನೋಟ್ಸ್ ಝೀರೋ ಈ ಬಗೆಯ ಮೇಲ್ಪಂಕ್ತಿ. ಎರಡರಲ್ಲೂ ಬೇಸ್ ಇದೆ, ಆದರೆ ತನ್ನ ಜಾಗದಲ್ಲಿದೆ. ನಡುದನಿ ಮುಂದೆ ಬಂದು ನಿಲ್ಲುತ್ತದೆ. ಮೊದಲ ಚುವಿನ ತಂತಿ ಬಿಚ್ಚಲು ಬರುವುದಿಲ್ಲ, ಝೀರೋದ್ದು ಬಿಚ್ಚಿ ಬದಲಿಸಬಹುದು. ಜೇಬಿನಲ್ಲಿ ಸುತ್ತಿಟ್ಟು ಬಸ್ಸು ಹತ್ತುವವರಿಗೆ ಮೊದಲು ಸಾಯುವುದು ತಂತಿಯೇ ಆದ್ದರಿಂದ ನಾನು ಝೀರೋದ ಕಡೆಗೆ ವಾಲುತ್ತೇನೆ. ಇದೇ ಬೆಲೆಯ ಬ್ಲೂಟೂತ್‌ನಲ್ಲಿ ನಿಮ್ಮ ದುಡ್ಡು ಬ್ಯಾಟರಿಗೆ, ಚಿಪ್ಪಿಗೆ, ಡಬ್ಬಿಗೆ ಹಂಚಿಹೋಗಿ ದನಿಗೆ ಉಳಿಯುವುದು ಕಡಿಮೆ. ಬ್ಯಾಟರಿ ಸತ್ತ ದಿನ ಆ ವಸ್ತುವೂ ಸತ್ತಂತೆ. ಫೋನಿನಲ್ಲಿ ಹಳೆಯ ದುಂಡು ತೂತು ಇಲ್ಲದಿದ್ದರೆ ಟೈಪ್ ಸಿ ಜೋಡಣೆಯ ಪುಟ್ಟ ಡಾಂಗಲ್ ಸಾಕು.

ಇಂಥ ಇಯರ್‌ಫೋನು ಕೊಂಡವರಲ್ಲಿ ಕೆಲವರು "ಬೇಸೇ ಇಲ್ಲ" ಎಂದು ಬೇಸರಪಡುತ್ತಾರೆ. ರಬ್ಬರಿನ ತುದಿ ಅವರ ಕಿವಿಗೆ ಸರಿಯಾಗಿ ಕೂತಿರುವುದಿಲ್ಲ. ಗಾಳಿ ನುಸುಳುವ ಸಂದು ಉಳಿದರೆ ಮೊದಲು ಸೋರಿಹೋಗುವುದು ಕೆಳದನಿ. ಪೆಟ್ಟಿಗೆಯಲ್ಲಿ ಕೊಟ್ಟ ಬೇರೆ ಅಳತೆಯ ತುದಿಗಳನ್ನೂ ಹಾಕಿ ನೋಡಬೇಕು, ಎರಡು ಕಿವಿಗೆ ಎರಡು ಅಳತೆ ಬೇಕಾದರೂ ಸಂಕೋಚ ಬೇಡ.

ಐದು ಸಾವಿರದ ಸುತ್ತ, ಕಿವಿಯ ಸುತ್ತ ಕೂರುವ ಮುಚ್ಚಿದ ಹೆಡ್‌ಫೋನೇ ಬೇಕೆಂದರೆ ಆಡಿಯೋ ಟೆಕ್ನಿಕಾದ ಎಂ20ಎಕ್ಸ್ ಪರವಾಗಿಲ್ಲ. ಮೂರು ಮೀಟರಿನ ಅದರ ತಂತಿ ಸ್ಟುಡಿಯೋ ಮೇಜಿಗೆಂದೇ ಮಾಡಿದ್ದು, ಬಸ್ಸಿಗಲ್ಲ. ಚೈತ್ರ ಕಳೆದು ತಾಪಮಾನ ನಲವತ್ತು ದಾಟುವ ನಮ್ಮ ಬೇಸಿಗೆಯಲ್ಲಿ ಮುಚ್ಚಿದ ಮೆತ್ತೆಯೊಳಗೆ ಕಿವಿ ಬೆವರುತ್ತದೆ, ಕೃತಕ ಚರ್ಮ ಬಿರಿದು ಉದುರುತ್ತದೆ. ಬದಲಿ ಮೆತ್ತೆ ಸಿಗುವ ಮಾದರಿಯನ್ನೇ ಕೊಳ್ಳಿ. ರಾತ್ರಿ ಮನೆಯಲ್ಲಿ ಮಾತ್ರ ಕೇಳುವವರಿಗೆ 1984ರಿಂದ ಬರುತ್ತಿರುವ ಕಾಸ್ ಪೋರ್ಟಾ ಪ್ರೋ ಇದೆ. ಹಗುರ, ತೆರೆದ ಬೆನ್ನು, ಸೆಕೆಗೆ ಹೇಳಿ ಮಾಡಿಸಿದ್ದು. ಅದರ ಬೇಸ್ ಸ್ವಲ್ಪ ದಪ್ಪ ನಿಜ, ಆದರೂ ಗಿಟಾರಿಗೆ ಉಸಿರಾಡಲು ಜಾಗ ಬಿಡುತ್ತದೆ. ಬಸ್ಸಿನಲ್ಲಿ ಅದು ನಿರುಪಯೋಗಿ, ಎಂಜಿನ್ ಸದ್ದೆಲ್ಲ ಒಳಗೆ.

ಐನೂರು ರೂಪಾಯಿಯದ್ದೇ ಕೈಯಲ್ಲಿದ್ದರೆ ಅದನ್ನು ಎಸೆಯಬೇಕಿಲ್ಲ. ಫೋನಿನ ಈಕ್ವಲೈಜರ್ ತೆರೆದು 125, 250 ಎಂದಿರುವ ಪಟ್ಟಿಗಳನ್ನು ಮೂರು ನಾಲ್ಕು ಡೆಸಿಬೆಲ್ ಇಳಿಸಿ. ಮೇಲಿನದನ್ನು ಏರಿಸುವುದು ಬೇಡ, ಸಿಂಬಲ್ಲಿನ ಚೀರಾಟ ತಲೆ ತಿನ್ನುತ್ತದೆ. ಮುಚ್ಚಿಹೋಗಿದ್ದ ಗಿಟಾರು ಎದ್ದು ಬರುವುದನ್ನು ಆ ಕ್ಷಣವೇ ಕೇಳುವಿರಿ.

ದನಿಯ ಮಟ್ಟದ ಬಗ್ಗೆ ಒಂದು ಮಾತು ಹೇಳಲೇಬೇಕು, ಏಕೆಂದರೆ ಮೆಟಲ್‌ನಲ್ಲಿ ಕಿವಿಗೆ ವಿಶ್ರಾಂತಿ ಕೊಡುವ ಬಿಡುವು ಕಡಿಮೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 80 ಡೆಸಿಬೆಲ್ಲಿಗೆ ವಾರಕ್ಕೆ 40 ಗಂಟೆ ಕೇಳಬಹುದು, 90ಕ್ಕೆ ಏರಿದರೆ ನಾಲ್ಕೇ ಗಂಟೆ. ಬಸ್ಸಿನ ಸದ್ದನ್ನು ಮೀರಿಸಲು ದನಿ ಏರಿಸುವವರು ಈ ನಾಲ್ಕು ಗಂಟೆಯನ್ನು ಎರಡು ಮೂರು ದಿನದಲ್ಲೇ ಮುಗಿಸಿಬಿಡಬಲ್ಲರು. ಹೊರಗಿನ ಸದ್ದನ್ನು ತಡೆಯುವ ರಬ್ಬರಿನ ತುದಿಗೆ ಅದಕ್ಕೇ ನಾನು ಇಷ್ಟು ಒತ್ತು ಕೊಡುವುದು: ಅದು ಸರಿಯಾಗಿ ಕೂತರೆ ಫೋನಿನ ದನಿ ಅರ್ಧದಲ್ಲಿದ್ದರೂ ಗಿಟಾರಿನ ರಿಫ್ ಪೂರ್ತಿ ಕೇಳುತ್ತದೆ.