ಕುಟುಂಬಚಿಕಿತ್ಸಕನೂ ಆತ್ಮವಿನಿಯೋಗವೂ

ಕುಟುಂಬದ ಕಲಹವನ್ನು ಮಾತಿನಿಂದ ಶಮನಗೊಳಿಸುವ ಚಿಕಿತ್ಸಕನಿಗೆ ಶಾಸ್ತ್ರಜ್ಞಾನವೊಂದೇ ಸಾಲದು. ಆತನ ವ್ಯಕ್ತಿತ್ವವೂ ಉಪಕರಣವಾಗಬೇಕೆಂಬುದು ಅಮೆರಿಕದ ಹ್ಯಾರಿ ಅಪೋಂಟೆಯವರ ಮತ. ಅವರು ಕಾರ್ನಿ ಕಿಸಿಲರೊಡನೆ ಸಂಪಾದಿಸಿ 2016ರಲ್ಲಿ ಪ್ರಕಟಿಸಿದ ಗ್ರಂಥವು ಫಿಲಡೆಲ್ಫಿಯದ ಡ್ರೆಕ್ಸೆಲ್ ವಿಶ್ವವಿದ್ಯಾನಿಲಯದಲ್ಲಿ ನಡೆಸಿದ ಶಿಕ್ಷಣಕ್ರಮವನ್ನು ವಿವರಿಸುವುದು.

ಈ ವಿಚಾರಕ್ಕೆ ಪೂರ್ವಪರಂಪರೆಯುಂಟು. ರೋಗಿಯ ವಿಷಯದಲ್ಲಿ ಚಿಕಿತ್ಸಕನ ಅಂತರಂಗದಲ್ಲಿ ಏಳುವ ಭಾವಗಳನ್ನು ಗುರುತಿಸಿ ಜಯಿಸಬೇಕೆಂದು 1910ರಲ್ಲಿ ಫ್ರಾಯ್ಡರು ಹೇಳಿದರು. ಮರ್ರೆ ಬೋವೆನ್ನರು 1967ರಲ್ಲಿ ವಿದ್ವತ್ಸಭೆಯಲ್ಲಿ ಸ್ವಂತ ಕುಟುಂಬದ ವೃತ್ತಾಂತವನ್ನೇ ಮಂಡಿಸಿದರು. ಮನೆಯ ಭಾವಬಂಧದೊಳಗಿದ್ದೂ ಸ್ವತಂತ್ರನಾದಷ್ಟು ಚಿಕಿತ್ಸಕನು ಪರರಿಗೆ ಉಪಕಾರಿಯೆಂಬುದು ಅವರ ಆಶಯ. ಅಪೋಂಟೆಯವರ ಮಾರ್ಗವು ಭಿನ್ನ. ಪ್ರತಿಯೊಬ್ಬನಿಗೂ ಹಸ್ತಾಕ್ಷರದಂತೆ ತನ್ನದೇ ಆದ, ಮತ್ತೆ ಮತ್ತೆ ಮರುಕಳಿಸುವ ಮೂಲವ್ಯಥೆಯೊಂದುಂಟು. ಅದು ಅಳಿದಲ್ಲದೆ ಚಿಕಿತ್ಸೆಗೆ ಅಧಿಕಾರವಿಲ್ಲವೆಂಬ ನಿಯಮವಿಲ್ಲ. ಅದನ್ನು ಅರಿಯುವುದು, ಬೇಕಾದಾಗ ಮನಸ್ಸಿಗೆ ತಂದುಕೊಳ್ಳುವುದು, ಅದರ ವಶನಾಗದೆ ನಡೆಸುವುದು, ಈ ಮೂರರಲ್ಲಿ ಅಭ್ಯಾಸವಿದ್ದರೆ ಸಾಕು.

ಉದಾಹರಣೆಗೆ, ತಂದೆಯ ಕೋಪಕ್ಕೆ ಅಂಜಿ ಬೆಳೆದ ಶಿಷ್ಯನು ಕೋಪಿಷ್ಠನಾದ ಗೃಹಸ್ಥನೆದುರು ಕುಳಿತಿರುವನೆನ್ನಬಹುದು. ಅಂಜಿಕೆಯನ್ನರಿಯದಿದ್ದರೆ ಅವನು ಮಗುವಿನ ಪಕ್ಷವಹಿಸಿ ತಂದೆಯ ವಿಶ್ವಾಸವನ್ನು ಕಳೆದುಕೊಳ್ಳುವನು. ಅರಿತಿದ್ದರೆ, ಮಗುವಿನ ಮೌನದ ಅರ್ಥವೂ ಹೊಳೆದೀತು. ಕೋಪದ ಹಿಂದಿನ ದುಃಖವನ್ನು ವಿಚಾರಿಸುವ ಧೈರ್ಯವೂ ಬಂದೀತು.

ಅಭಿನವಗುಪ್ತಾಚಾರ್ಯರು ರಸಪ್ರತೀತಿಗೆ ಏಳು ವಿಘ್ನಗಳನ್ನೆಣಿಸುವಲ್ಲಿ ನಿಜಸುಖಾದಿಗಳಿಗೆ ವಿವಶನಾಗುವುದನ್ನೂ ಸೇರಿಸಿರುವರು. ಹಾಗಾದರೆ ಸ್ವಂತ ವ್ಯಥೆಯು ಸಾಧನವಾಗುವುದೆಂತು? ವಿಘ್ನವೆನಿಸಿದ್ದು ವಿವಶತೆಯೇ ಹೊರತು ಅನುಭವವಲ್ಲ. ವಾಸನೆಯಿಲ್ಲದವನಿಗೆ ಆಸ್ವಾದವೇ ಇಲ್ಲವಷ್ಟೆ. ಅಲ್ಲಿಗೆ ವಿರೋಧವು ಪರಿಹಾರವಾಯಿತು. ಆದರೂ ಒಂದು ಭೇದವುಂಟು. ಪ್ರೇಕ್ಷಕನಿಗೆ ಸ್ವಪರಭೇದವು ಮರೆಯಾಗುವುದೇ ಗುಣ; ಚಿಕಿತ್ಸಕನಿಗೆ ಅದು ದೋಷ. ಎದುರಿನವನ ದುಃಖವು ತನ್ನದನ್ನು ಹೋಲಬಹುದು, ತನ್ನದೇ ಅಲ್ಲವೆಂಬ ಎಚ್ಚರವನ್ನು ಆತನು ಬಿಡತಕ್ಕುದಲ್ಲ.

ಇನ್ನೊಂದು ಆಕ್ಷೇಪವು ಗುರುತರವಾದುದು. ಈ ಕ್ರಮದಲ್ಲಿ ಶಿಷ್ಯನು ತನ್ನ ವ್ಯಥೆಯನ್ನು ಬರೆದು ಗುರುವಿನ ಮತ್ತು ಸಹಪಾಠಿಗಳ ಮುಂದೆ ಮಂಡಿಸಬೇಕು. ಇದು ಶಿಕ್ಷಣವೇ ಹೊರತು ಶಿಷ್ಯನಿಗೆ ಚಿಕಿತ್ಸೆಯಲ್ಲವೆಂಬುದು ಅಪೋಂಟೆಯವರ ಸಮಾಧಾನ. ಅದು ಯುಕ್ತವಾದರೂ ಪೂರ್ಣವಲ್ಲ. ಯೋಗ್ಯತೆಯನ್ನು ನಿರ್ಣಯಿಸತಕ್ಕವನ ಎದುರಿನಲ್ಲಿ ಆಡುವ ಮಾತಿಗೆ ಪೂರ್ಣಸ್ವಾತಂತ್ರ್ಯವೆಲ್ಲಿಯದು? ಹೇಳದಿರುವ ಹಕ್ಕೂ ಶಿಷ್ಯನಿಗೆ ಇದ್ದಲ್ಲಿ ಮಾತ್ರ ಹೇಳಿದುದಕ್ಕೆ ಬೆಲೆ. ಶಿಷ್ಯನ ಆತ್ಮತೃಪ್ತಿಯೂ ಈ ವಿದ್ಯೆಗೆ ಪ್ರಮಾಣವಾಗಲಾರದು. ನೆರವನ್ನರಸಿ ಬಂದ ಮನೆಯವರ ಕ್ಷೇಮವೇ ಪ್ರಮಾಣ.