ಆಷಾಢದ ಗಾಳಿಯ ಕಸುಬು

ಮಳೆ ಕೈಕೊಡುವ ಚಿತ್ರದುರ್ಗದ ಸೀಮೆಗೆ ಗಾಳಿ ಮಾತ್ರ ಕೈಬಿಚ್ಚಿ ಕೊಟ್ಟಿದೆ. ನೈರುತ್ಯ ಮಾರುತ ಘಟ್ಟದಲ್ಲೇ ನೀರು ಸುರಿದು, ಇಲ್ಲಿಗೆ ಬರುವಾಗ ಬರೀ ರಭಸ ಉಳಿಸಿಕೊಂಡಿರುತ್ತದೆ. ಆ ರಭಸಕ್ಕೇ ಜೋಗಿಮಟ್ಟಿ ಸಾಲಿನಲ್ಲೂ ಹೊಳಲ್ಕೆರೆ, ಹೊಸದುರ್ಗ, ಹಿರಿಯೂರು ಕಡೆಯ ಗುಡ್ಡಗಳಲ್ಲೂ ಗಾಳಿಯಂತ್ರಗಳು ಎದ್ದಿವೆ.

ನನಗೆ ಹಿಡಿಸುವುದು ಈ ಯಂತ್ರದ ಹುಷಾರು. ಗಾಳಿ ದಿಕ್ಕು ಬದಲಿಸಿದರೆ, ಟನ್ನುಗಟ್ಟಲೆ ತೂಕದ ತಲೆಯೇ ಮೋಟಾರಿನ ಬಲದಿಂದ ಅತ್ತ ತಿರುಗುತ್ತದೆ. ಸೆಕೆಂಡಿಗೆ 3-4 ಮೀಟರ್ ಗಾಳಿ ಸಿಕ್ಕರೆ ಕೆಲಸ ಶುರು. 25ರ ಆಸುಪಾಸಿಗೆ ಬಂದರೆ ರೆಕ್ಕೆಗಳು ಗಾಳಿಗೆ ಅಂಚು ಕೊಟ್ಟು ನಿಂತುಬಿಡುತ್ತವೆ. ಹುಚ್ಚು ಗಾಳಿಯೊಡನೆ ಜಗಳಕ್ಕಿಳಿಯದ ಈ ಜಾಣತನ ಎಷ್ಟೋ ಮನುಷ್ಯರಿಗಿಲ್ಲ! ಗಾಳಿಯ ವೇಗ ಎರಡು ಪಟ್ಟಾದರೆ ಅದರೊಳಗಿನ ಶಕ್ತಿ ಎಂಟು ಪಟ್ಟಾಗುತ್ತದೆ. ಗಾಳಿ ಜೋರಾಗಿ ಬೀಸುವ ಕಲ್ಲುಗುಡ್ಡದ ನೆತ್ತಿಗೆ ಬೆಲೆ ಬಂದದ್ದು ಈ ಲೆಕ್ಕದಿಂದಲೇ.

ಹಲವು ಮಾದರಿಗಳಲ್ಲಿ ರೆಕ್ಕೆಯ ನಿಧಾನದ ಸುತ್ತನ್ನು ಗೇರ್‌ಬಾಕ್ಸ್ ನಿಮಿಷಕ್ಕೆ ಸಾವಿರದಾಚೆ ಏರಿಸಿ ಜನರೇಟರಿಗೆ ಒಪ್ಪಿಸುತ್ತದೆ. ಟ್ರಾನ್ಸ್‌ಫಾರ್ಮರ್ ಅದರ ವೋಲ್ಟೇಜನ್ನು ಸಾಮಾನ್ಯವಾಗಿ 33 ಕೆ.ವಿ.ಗೆ ಎತ್ತಿ ಉಪಕೇಂದ್ರಕ್ಕೆ ಕಳಿಸುತ್ತದೆ. ಗ್ರಿಡ್ ಸೇರಿದ ಮೇಲೆ ಈ ಕರೆಂಟಿಗೆ ಊರಿನ ಗುರುತಿಲ್ಲ. ಜಿಲ್ಲೆಯ ಮನೆಗೂ ಅಡಿಕೆ ತೋಟದ ಬೋರ್‌ವೆಲ್ಲಿಗೂ ಬೆಸ್ಕಾಂ ತಂತಿಯಲ್ಲಿ ಬರುವುದು ನೀರು, ಕಲ್ಲಿದ್ದಲು, ಬಿಸಿಲು, ಗಾಳಿ ಎಲ್ಲ ಬೆರೆತ ವಿದ್ಯುತ್ತು. ಹಾಗಾಗಿ, ಗುಡ್ಡದ ಮೇಲೆ ಯಂತ್ರ ತಿರುಗುತ್ತಿರುವಾಗಲೇ ಬುಡದ ಊರಲ್ಲಿ ಕರೆಂಟು ಹೋಗಬಹುದು. ಊರವರ ಗೊಣಗಾಟ ನ್ಯಾಯವಾದದ್ದೇ, ಆದರೆ ಅದು ಯಂತ್ರದ ತಪ್ಪಲ್ಲ. ಆಷಾಢದಲ್ಲಿ ಭರ್ಜರಿಯಾಗಿ ದುಡಿಯುವ ಗಾಳಿ, ಪಂಪ್‌ಸೆಟ್ಟುಗಳು ಬಾಯಾರುವ ಬೇಸಗೆಯಲ್ಲಿ ಸೋಮಾರಿಯಾಗುತ್ತದೆ; ಆ ಹಗಲುಗಳನ್ನು ಈಗೀಗ ಸೋಲಾರ್ ಫಲಕಗಳು ನೋಡಿಕೊಳ್ಳುತ್ತಿವೆ.