ಹುಣಸೆಯ ದಾಯಾದಿ

"ಭಾವ, ಇದರಲ್ಲಿ ಸಕ್ಕರೆ ಕರಗೇ ಇಲ್ಲ," ಅಂದಳು ನಾದಿನಿ, ಬಾಟಲಿಯನ್ನು ಬೆಳಕಿಗೆ ಹಿಡಿದು. ತಳದಲ್ಲಿ ಕಲ್ಲುಸಕ್ಕರೆಯ ನುಚ್ಚಿನಂಥ ಹರಳುಗಳು. ಎರಡನ್ನು ಬೆರಳಿಗೆ ಅಂಟಿಸಿಕೊಂಡು ನಾಲಿಗೆಗಿಟ್ಟವಳ ಹುಬ್ಬು ಮೇಲೇರಿತು. "ಹುಣಸೆಹಣ್ಣು!"

ಅವಳ ನಾಲಿಗೆ ತಪ್ಪಿರಲಿಲ್ಲ. ದ್ರಾಕ್ಷಿಯ ಹುಳಿಗೂ ಹುಣಸೆಯ ಹುಳಿಗೂ ಮೂಲ ಒಂದೇ, ಟಾರ್ಟಾರಿಕ್ ಆಮ್ಲ. ನಿಂಬೆಯ ಮನೆತನ ಬೇರೆ, ಅದು ಸಿಟ್ರಿಕ್ ಕಡೆಯದು. ವೈನನ್ನು ಫ್ರಿಜ್ಜಿನಲ್ಲಿ ಬಹಳ ದಿನ ಇಟ್ಟರೆ ಒಮ್ಮೊಮ್ಮೆ ಈ ಆಮ್ಲವೇ ಪೊಟ್ಯಾಸಿಯಮ್ ಜೊತೆ ಸೇರಿ ಹರಳುಗಟ್ಟುತ್ತದೆ. ಅಂದು ಚೆನ್ನೈಯ ಮಂದವೆಳಿಯ ನಮ್ಮ ಮನೆಯಲ್ಲಿ ಊಟಕ್ಕಿದ್ದದ್ದು ಬದನೆಕಾಯಿ ಹುಳಿ, ಹಪ್ಪಳ, ಅನ್ನ.

"ಹುಳಿ, ಸಾರಿನ ಊಟಕ್ಕೆ ವೈನ್ ಒಗ್ಗುವುದಿಲ್ಲ" ಎಂದು ಚೆನ್ನೈಯ ಕನ್ನಡ ಗೆಳೆಯರು ನನಗೆ ಎಷ್ಟೋ ಸಲ ಹೇಳಿದ್ದಾರೆ. ಕುಡಿಯದವರು ಹೇಳಿದರೆ ಒಪ್ಪಬಹುದು, ಹೇಳುವವರು ಕುಡಿಯುವವರೇ. ಅವರ ಮನೆಯಲ್ಲಿ ವೈನಿಗೆ ಚೀಸು, ಗೋಡಂಬಿ. ಬಾಟಲಿ ಮುಗಿದ ಮೇಲೆ ಊಟ, ಅಷ್ಟು ಹೊತ್ತಿಗೆ ಹಸಿವೂ ಇಲ್ಲ, ರುಚಿಯೂ ಇಲ್ಲ. ತಪ್ಪು ಹುಳಿಯದಲ್ಲ, ಅವರು ಆರಿಸುವ ಬಾಟಲಿಯದು. ದಪ್ಪ ಕೆಂಪು ವೈನಿನ ಒಗರು ಹುಣಸೆಗೆ ತಾಗಿದರೆ ಬಾಯಿ ಹಸಿ ಬಾಳೆಕಾಯಿ ಕಚ್ಚಿದಂತಾಗುತ್ತದೆ. ಮದ್ಯಸಾರ ಹೆಚ್ಚಿದ್ದಷ್ಟೂ ಮೆಣಸಿನಕಾಯಿಯ ಉರಿಯೂ ಹೆಚ್ಚು. ಮೇಲಾಗಿ "ಕೆಂಪು ವೈನ್ ಕೋಣೆಯ ಉಷ್ಣತೆಯಲ್ಲೇ ಇರಬೇಕು" ಎಂಬ ಶಾಸ್ತ್ರ ಬೇರೆ. ಯಾವ ಕೋಣೆ? 16, 18 ಡಿಗ್ರಿಯ ಯುರೋಪಿನ ಹಳೇ ಮನೆಗಳ ಕೋಣೆ. ಮೇ ತಿಂಗಳಲ್ಲಿ ನಮ್ಮ ನಡುಮನೆ ರಾತ್ರಿಯೂ 32ರ ಕೆಳಗಿಳಿಯುವುದಿಲ್ಲ. ಆ ಬಿಸಿಗೆ ಎಂಥ ವೈನೂ ಕೆಮ್ಮಿನ ಔಷಧಿ. ಕೆಂಪಾದರೂ ಅರ್ಧ ಗಂಟೆ ಫ್ರಿಜ್ಜಿಗೆ ಹಾಕಿ.

ಹುಳಿಯ ಎದುರು ನಿಲ್ಲಬೇಕಾದರೆ ವೈನಿಗೂ ಹುಳಿ ಬೇಕು. ಫ್ರಾನ್ಸಿನ ಲುವಾರ್ ನದಿ ಕಡಲು ಸೇರುವೆಡೆಯ ಮಸ್ಕಡೆ, ಇಟಲಿಯ ಬಾರ್ಬೆರಾ, ಪೋರ್ಚುಗಲ್ಲಿನ ವಿನ್ಯೊ ವೆರ್ದೆ ಅಂಥವು. ಬಾರ್ಬೆರಾ ಕೆಂಪಾದರೂ ಒಗರು ಕಮ್ಮಿ. ವಿನ್ಯೊ ವೆರ್ದೆಯಲ್ಲಿ ಮದ್ಯಸಾರ ಶೇ. 9ರಿಂದ 11ರ ಆಸುಪಾಸು. ಪೋರ್ಚುಗಲ್ಲಿನವರು ಅದನ್ನು ಸುಟ್ಟ ಸಾರ್ಡೀನ್ ಮೀನಿನ ಜೊತೆ ಕುಡಿಯುತ್ತಾರೆ. ಸಾರ್ಡೀನ್ ಅಂದರೆ ನಮ್ಮ ಬೂತಾಯಿಯ ದಾಯಾದಿ. ಬೂತಾಯಿ ಪುಳಿಮುಂಚಿಯ ಜೊತೆ ಕುಡಿದು ನೋಡಿ, ಆಮೇಲೆ ನನ್ನೊಡನೆ ಜಗಳಕ್ಕೆ ಬನ್ನಿ.

"ಅದು ಹೊರಗಿನದು, ಇದು ನಮ್ಮದು" ಎನ್ನುವವರಿಗೆ ಪುದುಚೇರಿಯ ಪಕ್ಕದ ಅರಿಕಮೇಡು ತೋರಿಸಬೇಕು. 1945ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಅಗೆಸಿದಾಗ ಅಲ್ಲಿ ಸಿಕ್ಕವುಗಳಲ್ಲಿ ಇಟಲಿ, ಗ್ರೀಸಿನ ಕಡೆಯಿಂದ ವೈನ್ ತುಂಬಿಕೊಂಡು ಬಂದ ಮಣ್ಣಿನ ಹೂಜಿಗಳ ಚೂರುಗಳೂ ಇದ್ದವು. ಎರಡು ಸಾವಿರ ವರ್ಷದ ಹಿಂದಿನ ಮಾತು. ಆಗ ಈ ಕರಾವಳಿಯಲ್ಲಿ ಯುರೋಪಿನ ವೈನ್ ಇತ್ತು, ಮೆಣಸಿನಕಾಯಿ ಇರಲಿಲ್ಲ. ಮೆಣಸಿನಕಾಯಿ ತಂದವರು 16ನೇ ಶತಮಾನದ ಪೋರ್ಚುಗೀಸರು, ಅದೇ ವಿನ್ಯೊ ವೆರ್ದೆಯವರು.

ಇಷ್ಟಾದರೂ ವೈನ್ ನಮ್ಮ ಮನೆಗಳಲ್ಲಿ ರೇಷ್ಮೆ ಸೀರೆಯಂತೆ ಹಬ್ಬಕ್ಕೇ ಹೊರಬರುವುದಕ್ಕೆ ಕಾರಣ ನಾಲಿಗೆಯಲ್ಲ, ಬೆಲೆ. ದಶಕಗಳಿಂದ ಹೊರಗಿನ ವೈನಿಗೆ ಭಾರಿ ಆಮದು ಸುಂಕ. ಅದರ ಮೇಲೆ ರಾಜ್ಯದ ತೆರಿಗೆ. ತಮಿಳುನಾಡಿನಲ್ಲಿ 2003ರಿಂದ ಚಿಲ್ಲರೆ ಮಾರಾಟವೂ ಸರ್ಕಾರದ ಟಾಸ್ಮ್ಯಾಕ್ ಕೈಯಲ್ಲಿ. ಯುರೋಪಿನಲ್ಲಿ ಕೂಲಿಯವನ ಮೇಜಿನ ಮೇಲಿದ್ದದ್ದು ಇಲ್ಲಿ ಇಳಿಯುವಷ್ಟರಲ್ಲಿ ಮದುಮಗ. ಮದುಮಗನಿಗೆ ಹುಳಿಯನ್ನ ಬಡಿಸುವುದು ಹೇಗೆ ಎಂದು ನಾವು ನಾಚುತ್ತೇವೆ, ಉದ್ದ ಕಾಲಿನ ಗ್ಲಾಸು ತೊಳೆದಿಡುತ್ತೇವೆ. ನೀರಿನ ಗಾಜಿನ ಲೋಟ ಸಾಕು.

ಸೋತ ಕಡೆ ಸೋತೆ ಅನ್ನುತ್ತೇನೆ. ಬೆಲ್ಲ ಬಿದ್ದ ನಮ್ಮ ಹುಳಿಯ ಮುಂದೆ ಮಸ್ಕಡೆ ಬರೀ ಹುಳಿನೀರಾಗುತ್ತದೆ. ಸಾಂಬಾರಿಗೆ ಬೆಲ್ಲ ಹಾಕುವ ಬಗ್ಗೆ ಎದುರುಮನೆಯ ತಮಿಳು ಮಾಮಿ ಮೂವತ್ತು ವರ್ಷದಿಂದ ನಮ್ಮನ್ನು ಆಡಿಕೊಳ್ಳುತ್ತಿದ್ದಾರೆ; ವೈನಿನ ಮಟ್ಟಿಗೆ ಅವರ ಬೆಲ್ಲವಿಲ್ಲದ ವತ್ತಕೊಳಂಬೇ ಗೆದ್ದಿತು. ಅವರಿಗೆ ಇದನ್ನು ಹೇಳುವ ಧೈರ್ಯ ಬಂದಿಲ್ಲ. ಇನ್ನು ಮೊಸರನ್ನಕ್ಕಂತೂ ಯಾವ ದೇಶದ ವೈನೂ ಆಗದು. ಉಪ್ಪಿನಕಾಯಿ ಭರಣಿ ಬಂತೆಂದರೆ ನಾನು ಬಾಟಲಿಗೆ ಮುಚ್ಚಳ ಹಾಕಿ ಫ್ರಿಜ್ಜಿನ ಬಾಗಿಲಲ್ಲಿ ಇಟ್ಟು ಬರುತ್ತೇನೆ.